ಕುಣಿಕೆ ಓದಲು ಕಲಿತರೆ ಸ್ವೆಟರ್ ಮುಗಿಯುತ್ತದೆ

ಹೆಣಿಗೆ ಬಲ್ಲವರ ಮನೆಯ ಟ್ರಂಕು ತೆಗೆದು ನೋಡಿ. ಅರ್ಧಕ್ಕೆ ನಿಂತ ಸ್ವೆಟರ್ ಒಂದಾದರೂ ಸಿಗುತ್ತದೆ. ಹತ್ತಿರದಿಂದ ನೋಡಿದರೆ ಬಹಳ ಸಲ ಅದು ಅರ್ಧ ಆಗಿರುವುದಿಲ್ಲ, ಮುಕ್ಕಾಲಿಗಿಂತ ಜಾಸ್ತಿ ಆಗಿರುತ್ತದೆ. ಬೆನ್ನಿನ ಭಾಗ ರೆಡಿ, ಎದೆಯ ಭಾಗ ರೆಡಿ, ಎರಡು ತೋಳೂ ರೆಡಿ. ಜೋಡಿಸುವುದು ಬಾಕಿ, ಕುತ್ತಿಗೆ ಪಟ್ಟಿ ಬಾಕಿ. ದಾರದ ತುದಿಗಳು ಅಲ್ಲಲ್ಲಿ ಜೋತು ಬಿದ್ದಿರುತ್ತವೆ. ಯಾವ ಕೂಸಿಗೆ ಅಂತ ಶುರು ಮಾಡಿದ್ದರೋ ಆ ಕೂಸು ಅಷ್ಟರಲ್ಲಿ ನಡೆಯಲು ಕಲಿತಿರುತ್ತದೆ.

ಇದಕ್ಕೆ ಸೋಮಾರಿತನ ಕಾರಣ ಅಂತ ನನಗೆ ಅನಿಸುವುದಿಲ್ಲ. ದಾವಣಗೆರೆ, ಚಿತ್ರದುರ್ಗದ ಕಡೆ ಹೆಣಿಗೆ ಕಲಿಯುವುದು ಅಜ್ಜಿಯಿಂದ, ಪಕ್ಕದ ಮನೆಯವರಿಂದ, ಈಗ ಮೊಬೈಲಿನ ವಿಡಿಯೊದಿಂದ. ಎಲ್ಲರೂ ಹೆಣೆಯುವುದನ್ನು ಕಲಿಸುತ್ತಾರೆ. ಮುಗಿಸುವುದನ್ನು ಕೂರಿಸಿಕೊಂಡು ಕಲಿಸುವವರು ಕಡಿಮೆ. "ಆಮೇಲೆ ಸೂಜಿಯಲ್ಲಿ ಹೊಲಿದುಬಿಡು" ಅಂದರೆ ಪಾಠ ಮುಗಿಯಿತು. ಹೊಸ ವಿನ್ಯಾಸ ಕಲಿಯುವಾಗಲೂ ಇದೇ ಕಥೆ. ಕೈ ಹೇಗೆ ಆಡಬೇಕು ಅಂತ ತೋರಿಸುತ್ತಾರೆ, ಯಾಕೆ ಹಾಗೆ ಅಂತ ಹೇಳುವುದಿಲ್ಲ.

ನನ್ನ ಪ್ರಕಾರ ಈ ಎರಡೂ ತೊಂದರೆಗೆ ಮದ್ದು ಒಂದೇ. ಕಡ್ಡಿಯ ಮೇಲಿನ ಕುಣಿಕೆ ನೋಡಿ, ಅದು ಸೀದಾನೋ ಉಲ್ಟಾನೋ, ಯಾವ ಕಡೆ ತಿರುಗಿ ಕೂತಿದೆ, ಅದರ ಕೆಳಗೆ ಏನಿದೆ ಅಂತ ಹೇಳಲು ಬರಬೇಕು. ಇಷ್ಟು ಬಂದರೆ ಕೇಬಲ್, ಲೇಸ್, ಕಾಲುಚೀಲದ ಹಿಮ್ಮಡಿ ಎಲ್ಲವೂ ಹೊಸ ವಿದ್ಯೆ ಅನಿಸುವುದಿಲ್ಲ. ಜೋಡಿಸುವ ಹೊಲಿಗೆಗೂ ಇದೇ ಕಣ್ಣು ಸಾಕು.

ಹಾಸೂ ಇಲ್ಲ, ಹೊಕ್ಕೂ ಇಲ್ಲ

ಚಳ್ಳಕೆರೆಯ ಕಂಬಳಿ, ಮೊಳಕಾಲ್ಮೂರಿನ ರೇಷ್ಮೆ ಸೀರೆ ಎರಡೂ ನೇಯ್ಗೆ. ಮಗ್ಗದ ಮೇಲೆ ಉದ್ದಕ್ಕೆ ಹಾಸು ಎಳೆ, ಅಡ್ಡಕ್ಕೆ ಹೊಕ್ಕು ಎಳೆ. ಒಂದರ ಮೇಲೆ ಒಂದು ಹಾದು ಬಟ್ಟೆ ಆಗುತ್ತದೆ. ಎಳೆಗಳು ನೇರವಾಗಿ ಇರುವುದರಿಂದ ಕಂಬಳಿಯನ್ನು ಎಷ್ಟು ಜಗ್ಗಿದರೂ ಅಷ್ಟಾಗಿ ಹಿಗ್ಗುವುದಿಲ್ಲ.

ಹೆಣಿಗೆಯಲ್ಲಿ ಹಾಗಲ್ಲ. ಇಲ್ಲಿರುವುದು ಒಂದೇ ಎಳೆ. ಅದೇ ಎಳೆ ಒಂದು ಕುಣಿಕೆ ಆಗಿ, ಆ ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಹೊರಗೆ ಬರುತ್ತದೆ. ಎಳೆ ಎಲ್ಲೂ ನೇರ ಇಲ್ಲ, ಬಳುಕಿಕೊಂಡೇ ಹೋಗುತ್ತದೆ. ಜಗ್ಗಿದಾಗ ಆ ಬಳುಕು ನೇರ ಆಗುತ್ತದೆ, ಬಿಟ್ಟಾಗ ವಾಪಸ್ ಬರುತ್ತದೆ. ಸ್ವೆಟರ್ ಹಿಗ್ಗುವುದು ಇದರಿಂದ. ಒಂದು ಕುಣಿಕೆ ಕಡ್ಡಿಯಿಂದ ಜಾರಿದರೆ ಅದರ ಕೆಳಗಿನದು, ಅದರ ಕೆಳಗಿನದು ಹೀಗೆ ಸಾಲಾಗಿ ಬಿಚ್ಚಿಕೊಳ್ಳುವುದೂ ಇದರಿಂದಲೇ. ಹಾಗೆ ಜಾರಿದಾಗ ಗಾಬರಿ ಬೇಡ. ಕೊಕ್ಕೆ ತುದಿಯ ಕ್ರೋಶೆ ಕಡ್ಡಿಯಿಂದ ಕೆಳಗಿನ ಕುಣಿಕೆ ಹಿಡಿದು, ಅದರ ಮೇಲೆ ಅಡ್ಡ ಬಿದ್ದಿರುವ ಎಳೆಯನ್ನು ಒಂದೊಂದಾಗಿ ಒಳಗಿಂದ ಎಳೆದುಕೊಳ್ಳುತ್ತಾ ಮೇಲೆ ಬಂದರೆ ಎಲ್ಲವೂ ಮೊದಲಿನಂತೆ ಆಗುತ್ತದೆ.

ಸೀದಾ ಮತ್ತು ಉಲ್ಟಾ ಎರಡು ಬೇರೆ ಬೇರೆ ಹೆಣಿಗೆ ಅಂತ ಬಹಳ ಜನ ತಿಳಿದಿರುತ್ತಾರೆ. ಎರಡೂ ಒಂದೇ. ಕುಣಿಕೆ ನಮ್ಮ ಕಡೆಗೆ ಹೊರಬಂದರೆ ಸೀದಾ, ಆಚೆ ಕಡೆಗೆ ಹೋದರೆ ಉಲ್ಟಾ. ಈ ಕಡೆಯಿಂದ ಸೀದಾ ಕಂಡದ್ದು ಬಟ್ಟೆ ತಿರುಗಿಸಿದರೆ ಉಲ್ಟಾ ಕಾಣುತ್ತದೆ. ಕಡ್ಡಿಯ ಕೆಳಗೆ ಕಣ್ಣು ಹಾಯಿಸಿ. ಕುಣಿಕೆಯ ಬುಡದಲ್ಲಿ ಎರಡು ಕಾಲು ಕೂಡುವ ಮೊನೆ ಕಂಡರೆ ಸೀದಾ. ಬುಡದಲ್ಲಿ ಅಡ್ಡಕ್ಕೆ ಒಂದು ಉಬ್ಬು ಕಂಡರೆ ಉಲ್ಟಾ. ಈ ಗುರುತು ಸಿಕ್ಕಿತು ಅಂದರೆ "ನಾನು ಎಲ್ಲಿದ್ದೆ, ಎಷ್ಟು ಹಾಕಿದ್ದೆ" ಅಂತ ಎಣಿಸುವ ಕಷ್ಟವೇ ಅರ್ಧ ಕಡಿಮೆ ಆಗುತ್ತದೆ. ಎರಡು ಸೀದಾ ಎರಡು ಉಲ್ಟಾ ರಿಬ್ (ಸ್ವೆಟರಿನ ಅಂಚಿನಲ್ಲಿ ಕಾಣುವ ಉದ್ದ ಗೆರೆಗಳ ಹೆಣಿಗೆ) ಹಾಕುವಾಗ ಲೆಕ್ಕ ಬಾಯಲ್ಲಿ ಹೇಳಿಕೊಳ್ಳುವುದೇ ಬೇಡ. ಉಬ್ಬು ಕಂಡಲ್ಲಿ ಉಲ್ಟಾ ಹಾಕಿ, ಮೊನೆ ಕಂಡಲ್ಲಿ ಸೀದಾ ಹಾಕಿ.

ಪ್ರತಿ ಸಾಲನ್ನೂ ಸೀದಾ ಹಾಕಿದರೆ ಎರಡೂ ಕಡೆ ಉಬ್ಬಿನ ಗೆರೆಗಳು ಬರುತ್ತವೆ, ಯಾಕಂದರೆ ಪ್ರತಿ ಸಲ ಬಟ್ಟೆ ತಿರುಗಿಸುತ್ತೇವೆ. ಅದೇ ವೃತ್ತಾಕಾರದ ಕಡ್ಡಿಯಲ್ಲಿ ಸುತ್ತ ಹೆಣೆಯುತ್ತಾ ಬರೀ ಸೀದಾ ಹಾಕಿದರೆ ಹೊರಗಡೆ ನುಣುಪಾದ ಬಟ್ಟೆ ಬರುತ್ತದೆ, ಯಾಕಂದರೆ ಅಲ್ಲಿ ತಿರುಗಿಸುವುದೇ ಇಲ್ಲ.

ಇನ್ನೊಂದು ಪ್ರಶ್ನೆ ಎಲ್ಲರೂ ಕೇಳುತ್ತಾರೆ: ನುಣುಪು ಹೆಣಿಗೆಯ ಅಂಚು ಯಾಕೆ ಸುರುಳಿ ಸುತ್ತಿಕೊಳ್ಳುತ್ತದೆ? ತಪ್ಪು ನಿಮ್ಮ ಕೈಯದ್ದಲ್ಲ. ಸೀದಾ ಕಡೆಯಲ್ಲಿ ಮತ್ತು ಉಲ್ಟಾ ಕಡೆಯಲ್ಲಿ ಎಳೆಯ ಜಗ್ಗಾಟ ಒಂದೇ ಸಮ ಇರುವುದಿಲ್ಲ. ಹಾಗಾಗಿ ಎಡ ಬಲದ ಅಂಚು ಹಿಂದಕ್ಕೆ ಮಡಿಯುತ್ತದೆ, ಮೇಲೆ ಕೆಳಗಿನ ಅಂಚು ಮುಂದಕ್ಕೆ ಮಡಿಯುತ್ತದೆ. ಸೀದಾ ಉಲ್ಟಾ ಎರಡನ್ನೂ ಬೆರೆಸಿದ ರಿಬ್‌ನಲ್ಲಿ ಈ ಜಗ್ಗಾಟ ಸರಿದೂಗುತ್ತದೆ, ಅಂಚು ನೆಟ್ಟಗೆ ನಿಲ್ಲುತ್ತದೆ. ಸ್ವೆಟರಿನ ಕೆಳಗೆ, ತೋಳಿನ ತುದಿಯಲ್ಲಿ, ಕುತ್ತಿಗೆಯಲ್ಲಿ ರಿಬ್ ಇರುವುದು ಚೆಂದಕ್ಕೆ ಮಾತ್ರ ಅಲ್ಲ.

ಇನ್ನು ಕುಣಿಕೆಯ ಕಾಲುಗಳು. ಪ್ರತಿ ಕುಣಿಕೆಯೂ ಕಡ್ಡಿಯ ಮೇಲೆ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇಟ್ಟು ಕೂತಿರುತ್ತದೆ. ಸಾಮಾನ್ಯ ರೀತಿಯಲ್ಲಿ ಬಲಗಾಲು ಮುಂದೆ ಇರುತ್ತದೆ. ಎಡಗಾಲು ಮುಂದೆ ಇದ್ದು, ನೀವು ಎಂದಿನಂತೆ ಮುಂದಿನಿಂದ ಕಡ್ಡಿ ತೂರಿಸಿದರೆ ಕುಣಿಕೆ ತಿರುಚಿಕೊಳ್ಳುತ್ತದೆ. ಬಟ್ಟೆ ಬಿಗಿ ಆಗುತ್ತದೆ, ಹಿಗ್ಗುವುದಿಲ್ಲ. ಕೆಲವರ ಕೈಯಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲು ತಿರುಚಿ ಬರುವುದು ಇದಕ್ಕೇ. ಅವರು ಉಲ್ಟಾ ಹಾಕುವಾಗ ದಾರವನ್ನು ಎದುರು ದಿಕ್ಕಿನಲ್ಲಿ ಸುತ್ತುತ್ತಿರುತ್ತಾರೆ. ಕೈ ಅಭ್ಯಾಸ ಬದಲಿಸಲೇಬೇಕು ಅಂತಿಲ್ಲ. ಯಾವ ಕಾಲು ಮುಂದಿದೆ ಅಂತ ನೋಡಿ, ಎಡಗಾಲು ಮುಂದಿದ್ದರೆ ಹಿಂದಿನ ಕಾಲಿಗೆ ಕಡ್ಡಿ ತೂರಿಸಿದರೆ ಸಾಕು.

ಹೊಸದನ್ನು ಕಲಿಯುವುದು

ಕಷ್ಟ ಅಂತ ಹೆಸರು ಪಡೆದಿರುವ ವಿನ್ಯಾಸಗಳನ್ನು ಈಗ ನೋಡಿ. ಕೇಬಲ್ ಅಂದರೆ ಕುಣಿಕೆಗಳ ಜಾಗ ಬದಲಾಯಿಸುವುದು. ನಾಲ್ಕು ಕುಣಿಕೆಯ ಕೇಬಲ್‌ನಲ್ಲಿ ಮೊದಲ ಎರಡನ್ನು ಬೇರೆ ಕಡ್ಡಿಗೆ ಹಾಕಿ ಪಕ್ಕಕ್ಕಿಡುತ್ತೀರಿ, ಮುಂದಿನ ಎರಡನ್ನು ಹೆಣೆಯುತ್ತೀರಿ, ಆಮೇಲೆ ಪಕ್ಕಕ್ಕಿಟ್ಟ ಎರಡನ್ನು ಹೆಣೆಯುತ್ತೀರಿ. ಪಕ್ಕಕ್ಕಿಟ್ಟಿದ್ದು ಮುಂದುಗಡೆ ಇದ್ದರೆ ಜಡೆ ಎಡಕ್ಕೆ ವಾಲುತ್ತದೆ, ಹಿಂದುಗಡೆ ಇದ್ದರೆ ಬಲಕ್ಕೆ. ಅಷ್ಟೇ. ಒಂದು ಎಚ್ಚರ ಬೇಕು: ಕೇಬಲ್ ಬಟ್ಟೆಯನ್ನು ಒಳಕ್ಕೆ ಎಳೆಯುತ್ತದೆ. ನುಣುಪು ಹೆಣಿಗೆಯ ಲೆಕ್ಕದಲ್ಲಿ ಕುಣಿಕೆ ಹಾಕಿ ನಡುವೆ ಕೇಬಲ್ ಸೇರಿಸಿದರೆ ಸ್ವೆಟರ್ ಬಿಗಿ ಆಗುತ್ತದೆ.

ಲೇಸ್ ಇನ್ನೂ ಸರಳ. ದಾರವನ್ನು ಸುಮ್ನೆ ಒಂದು ಸಲ ಕಡ್ಡಿಗೆ ಸುತ್ತಿಕೊಂಡರೆ ಹೊಸ ಕುಣಿಕೆ ಹುಟ್ಟುತ್ತದೆ, ಅದರ ಕೆಳಗೆ ತೂತು ಬೀಳುತ್ತದೆ. ಒಂದು ಹೆಚ್ಚಾಯಿತಲ್ಲ, ಅದಕ್ಕೆ ಪಕ್ಕದಲ್ಲೇ ಎರಡನ್ನು ಸೇರಿಸಿ ಒಂದು ಮಾಡುತ್ತೀರಿ. ಲೆಕ್ಕ ಸಮ. ಎರಡನ್ನು ಒಟ್ಟಿಗೆ ಸೀದಾ ಹೆಣೆದರೆ ಅದು ಬಲಕ್ಕೆ ವಾಲುತ್ತದೆ. ಎರಡನ್ನೂ ಒಂದೊಂದಾಗಿ ಸೀದಾ ಹಾಕುವ ಹಾಗೆ ಜಾರಿಸಿ, ಆಮೇಲೆ ಹಿಂದಿನ ಕಾಲಿನಿಂದ ಒಟ್ಟಿಗೆ ಹೆಣೆದರೆ ಎಡಕ್ಕೆ ವಾಲುತ್ತದೆ. ಎಲೆ, ಹೂವು, ಬಳ್ಳಿ ಎಲ್ಲ ಮೂಡುವುದು ಈ ಎಡ ಬಲದ ಆಟದಲ್ಲಿ.

ಕಲಿಯುವ ಕ್ರಮದ ಬಗ್ಗೆ ನನ್ನದು ಒಂದು ಗಟ್ಟಿ ಅಭಿಪ್ರಾಯ. ಹೊಸ ವಿನ್ಯಾಸವನ್ನು ನೇರವಾಗಿ ಸ್ವೆಟರಿನ ಮೇಲೆ ಪ್ರಯೋಗಿಸಬೇಡಿ. ತಿಳಿ ಬಣ್ಣದ, ನುಣುಪಾದ, ಸ್ವಲ್ಪ ದಪ್ಪ ದಾರದಲ್ಲಿ ಅಂಗೈ ಅಗಲದ ತುಂಡು ಹಾಕಿ ಕಲಿಯಿರಿ. ಕಪ್ಪು ದಾರದಲ್ಲಿ, ಜುಂಗು ದಾರದಲ್ಲಿ ಕುಣಿಕೆ ಕಾಣುವುದೇ ಇಲ್ಲ. ಆ ತುಂಡಿನಲ್ಲಿ ಮೊದಲು ಬಿಚ್ಚುವುದನ್ನು ಕಲಿಯಿರಿ. ಒಂದು ಕುಣಿಕೆ ಹಿಂದೆ ಹೋಗುವುದು, ಒಂದು ಸಾಲು ಹಿಂದೆ ಹೋಗುವುದು, ಪೂರ್ತಿ ಕಡ್ಡಿ ತೆಗೆದು ನಾಲ್ಕು ಸಾಲು ಬಿಚ್ಚಿ ಮತ್ತೆ ಕಡ್ಡಿಗೆ ಏರಿಸುವುದು. ಬಿಚ್ಚಲು ಹೆದರದವರು ಏನು ಬೇಕಾದರೂ ಕಲಿಯುತ್ತಾರೆ. ಲೇಸ್ ಹಾಕುವಾಗ ಕೆಲವು ಸಾಲಿಗೊಮ್ಮೆ ಕಡ್ಡಿಯ ಮೇಲಿನ ಎಲ್ಲ ಕುಣಿಕೆಯೊಳಗೂ ಸೂಜಿಯಿಂದ ಒಂದು ಬೇರೆ ಬಣ್ಣದ ನೂಲು ದಾಟಿಸಿ ಬಿಟ್ಟಿರಿ. ಮುಂದೆ ಎಡವಟ್ಟಾದರೆ ಆ ನೂಲಿನ ತನಕ ಮಾತ್ರ ಬಿಚ್ಚುತ್ತದೆ, ಅದಕ್ಕಿಂತ ಕೆಳಗೆ ಹೋಗುವುದಿಲ್ಲ.

ವಿಡಿಯೊ ನೋಡಿ ಕಲಿಯುವವರಿಗೆ ಎರಡು ಮಾತು. ಕೆಲವರು ದಾರವನ್ನು ಎಡಗೈಯಲ್ಲಿ ಹಿಡಿಯುತ್ತಾರೆ, ಕೆಲವರು ಬಲಗೈಯಲ್ಲಿ. ಯಾವುದೂ ತಪ್ಪಲ್ಲ, ಬರುವ ಕುಣಿಕೆ ಒಂದೇ. ಆದರೆ ಕಡ್ಡಿಯ ನಂಬರ್ ವಿಷಯದಲ್ಲಿ ಹುಷಾರು. ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಗೆ ಹಳೇ ಬ್ರಿಟಿಷ್ ನಂಬರ್ ಇರುತ್ತದೆ. ಅದರಲ್ಲಿ ನಂಬರ್ ಜಾಸ್ತಿ ಆದಷ್ಟೂ ಕಡ್ಡಿ ಸಣ್ಣ. 8 ನಂಬರ್ ಅಂದರೆ 4 ಮಿ.ಮೀ., 10 ನಂಬರ್ ಅಂದರೆ 3.25 ಮಿ.ಮೀ. ಅಮೆರಿಕದ ನಂಬರ್ ಇದಕ್ಕೆ ತದ್ವಿರುದ್ಧ. ಅಲ್ಲಿನ 8 ಅಂದರೆ 5 ಮಿ.ಮೀ. ವಿಡಿಯೊದಲ್ಲಿ 8 ಅಂದರು ಅಂತ ನಮ್ಮ 8 ತೆಗೆದುಕೊಂಡರೆ ಅಳತೆ ಪೂರ್ತಿ ಕೆಡುತ್ತದೆ. ಮಿಲಿಮೀಟರ್ ಕೇಳಿ ಕೊಳ್ಳಿ. ಕ್ರೋಶೆಯಲ್ಲೂ ಇಂಥದ್ದೇ ಗೊಂದಲ ಇದೆ: ಅಮೆರಿಕದವರು ಸಿಂಗಲ್ ಕ್ರೋಶೆ ಅನ್ನುವುದನ್ನು ಬ್ರಿಟಿಷರು ಡಬಲ್ ಕ್ರೋಶೆ ಅನ್ನುತ್ತಾರೆ.

ಪುಸ್ತಕದ ಚೌಕಳಿ ಚಾರ್ಟು ಓದುವಾಗ ಕೆಳಗಿನಿಂದ ಮೇಲೆ ಹೋಗಬೇಕು. ಸೀದಾ ಕಡೆಯ ಸಾಲನ್ನು ಬಲದಿಂದ ಎಡಕ್ಕೆ, ಉಲ್ಟಾ ಕಡೆಯ ಸಾಲನ್ನು ಎಡದಿಂದ ಬಲಕ್ಕೆ ಓದಬೇಕು. ಕಡ್ಡಿಯಲ್ಲಿ ಕುಣಿಕೆ ನಮ್ಮ ಕಣ್ಣಿಗೆ ಬರುವುದು ಅದೇ ಕ್ರಮದಲ್ಲಿ.

ಒಂದು ಕುಲಾವಿಯ ಲೆಕ್ಕ

ನಮ್ಮ ಕಡೆ ಹೆಣಿಗೆ ಜಾಸ್ತಿ ನಡೆಯುವುದು ಬಾಣಂತನದ ಮನೆಯಲ್ಲಿ. ಹಾಗಾಗಿ ಕುಲಾವಿಯನ್ನೇ ಉದಾಹರಣೆ ತೆಗೆದುಕೊಳ್ಳೋಣ.

ಮೊದಲು ಒಂದು ತುಂಡು ಹೆಣೆದು ನೋಡಬೇಕು. ಮೊದಲ ದೋಸೆ ಹುಯ್ದು ಕಾವಲಿಯ ಹದ ನೋಡಿದ ಹಾಗೆ. 15 ಸೆಂ.ಮೀ. ಅಗಲದ ತುಂಡು ಹಾಕಿ, ತೊಳೆದು, ಒಣಗಿಸಿ, ನಡುವಿನ 10 ಸೆಂ.ಮೀ.ನಲ್ಲಿ ಎಷ್ಟು ಕುಣಿಕೆ ಇದೆ ಅಂತ ಎಣಿಸಿ. ಅಂಚಿನ ಕುಣಿಕೆ ಎಣಿಸಬೇಡಿ, ಅವು ಯಾವಾಗಲೂ ಸಡಿಲ. ತೊಳೆಯದೆ ಅಳೆಯುವುದೂ ಬೇಡ.

ಈ ಅಳತೆ ಎಷ್ಟು ಮುಖ್ಯ ಅಂತ ತಿಳಿಯಲು ದೊಡ್ಡವರ ಸ್ವೆಟರ್ ನೋಡಿ. ಎದೆಸುತ್ತು 90 ಸೆಂ.ಮೀ., 10 ಸೆಂ.ಮೀ.ಗೆ 20 ಕುಣಿಕೆ ಅಂತ ಪುಸ್ತಕ ಹೇಳಿದರೆ ಒಟ್ಟು 180 ಕುಣಿಕೆ. ನಿಮ್ಮ ಕೈ ಸ್ವಲ್ಪ ಬಿಗಿ, 10 ಸೆಂ.ಮೀ.ಗೆ 22 ಬರುತ್ತದೆ ಅಂದುಕೊಳ್ಳಿ. ಅದೇ 180 ಕುಣಿಕೆಗೆ ನಿಮ್ಮ ಸ್ವೆಟರಿನ ಸುತ್ತು ಸುಮಾರು 82 ಸೆಂ.ಮೀ. ಆಗುತ್ತದೆ. ಬರೀ ಎರಡು ಕುಣಿಕೆ ವ್ಯತ್ಯಾಸಕ್ಕೆ ಎಂಟು ಸೆಂ.ಮೀ. ಹೋಯಿತು. ಎಷ್ಟೋ ಸ್ವೆಟರ್ ಟ್ರಂಕು ಸೇರುವುದು ಇಲ್ಲೇ.

ಈಗ ಕುಲಾವಿ. ಹುಟ್ಟಿದ ಕೂಸಿನ ತಲೆಸುತ್ತು ಸುಮಾರು 35 ಸೆಂ.ಮೀ. ಆರು ತಿಂಗಳಿಗೆ ಅದು 43 ಸೆಂ.ಮೀ. ಹತ್ತಿರ ಬರುತ್ತದೆ. ಆದ್ದರಿಂದ ಆರು ತಿಂಗಳ ಅಳತೆಗೆ ಹೆಣೆಯುವುದು ಜಾಣತನ, ಒಂದಷ್ಟು ಕಾಲವಾದರೂ ಬಳಕೆಗೆ ಬರುತ್ತದೆ. ಹೆಣಿಗೆ ಹಿಗ್ಗುವುದರಿಂದ ಕುಲಾವಿ ತಲೆಗಿಂತ ಸ್ವಲ್ಪ ಚಿಕ್ಕದಿರಬೇಕು. 38 ಸೆಂ.ಮೀ. ಇಟ್ಟುಕೊಳ್ಳೋಣ. 10 ಸೆಂ.ಮೀ.ಗೆ 22 ಕುಣಿಕೆ ಬಂದರೆ 38ಕ್ಕೆ 84 ಕುಣಿಕೆ. 84 ನಾಲ್ಕರಿಂದ ಭಾಗ ಹೋಗುತ್ತದೆ, ಎರಡು ಸೀದಾ ಎರಡು ಉಲ್ಟಾ ರಿಬ್ ಸರಿಯಾಗಿ ಕೂರುತ್ತದೆ. ಮೇಲುಗಡೆ ಸಣ್ಣ ಮಾಡಲು 12ರ ಏಳು ಪಾಲು ಮಾಡಿ. ಪ್ರತಿ ಪಾಲಿನ ಕೊನೆಯ ಎರಡು ಕುಣಿಕೆ ಸೇರಿಸಿ ಒಂದು ಮಾಡಿ, ಒಂದು ಸಾಲು ಬಿಟ್ಟು ಒಂದು ಸಾಲು. 84, 77, 70 ಹೀಗೆ ಇಳಿಯುತ್ತಾ ಏಳು ಕುಣಿಕೆ ಉಳಿಯುತ್ತದೆ. ದಾರ ಕತ್ತರಿಸಿ, ಸೂಜಿಯಿಂದ ಆ ಏಳರೊಳಗೂ ದಾಟಿಸಿ, ಎಳೆದು ಬಿಗಿದರೆ ತಲೆ ಮುಚ್ಚಿತು.

ವೃತ್ತಾಕಾರದ ಕಡ್ಡಿ ಇಲ್ಲ, ನೇರ ಕಡ್ಡಿ ಮಾತ್ರ ಇದೆ ಅಂದರೆ 84ರ ಬದಲು 86 ಹಾಕಿ. ಆಚೆ ಒಂದು, ಈಚೆ ಒಂದು ಕುಣಿಕೆ ಹೊಲಿಗೆಯೊಳಗೆ ಸೇರಿಹೋಗುತ್ತದೆ. ಆ ಎರಡನ್ನು ಪಾಲಿನ ಲೆಕ್ಕಕ್ಕೆ ತರಬೇಡಿ, ಕೊನೆಯ ತನಕ ಹಾಗೇ ಹೆಣೆಯುತ್ತಾ ಹೋಗಿ.

ದಾರದ ಬಗ್ಗೆಯೂ ಇಲ್ಲೇ ಹೇಳಬೇಕು. ಅಂಗಡಿಯಲ್ಲಿ ನಾವು ಉಲ್ಲನ್ ಅಂತ ಕೇಳಿ ತರುವುದು ಹೆಚ್ಚಿನ ಸಲ ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್ಕಿನ ಎಳೆ. ಅದು ಕೆಟ್ಟದ್ದಲ್ಲ. ಅಗ್ಗ, ತೊಳೆಯಲು ಸುಲಭ, ಹುಳ ತಿನ್ನುವುದಿಲ್ಲ. ಆದರೆ ಬೆವರು ಹೀರುವುದಿಲ್ಲ. ದಾವಣಗೆರೆಯ ಸೆಕೆಗೆ ಕೂಸಿಗೆ ಹತ್ತಿ ದಾರವೇ ಒಳ್ಳೆಯದು ಅಂತ ನನ್ನ ಅನಿಸಿಕೆ. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರಿನವರಿಗೆ ಹತ್ತಿಯ ಗುಣ ಹೊಸದಾಗಿ ಹೇಳಬೇಕಿಲ್ಲ. ಹೆಣಿಗೆಗೆ ಬೇಕಾದ ಒಂದು ವಿಷಯ ಮಾತ್ರ ನೆನಪಿರಲಿ: ಹತ್ತಿಗೆ ಉಣ್ಣೆಯಷ್ಟು ಪುಟಿತ ಇಲ್ಲ. ಒಮ್ಮೆ ಹಿಗ್ಗಿದರೆ ಹಾಗೇ ಜೋಲುತ್ತದೆ. ಆದ್ದರಿಂದ ಹತ್ತಿಯ ರಿಬ್ಬನ್ನು ಒಂದು ಅಳತೆ ಸಣ್ಣ ಕಡ್ಡಿಯಲ್ಲಿ ಹೆಣೆಯಿರಿ. ದಾರ ಯಾವುದು ಅಂತ ಅನುಮಾನ ಇದ್ದರೆ ಚಿಕ್ಕ ತುಣುಕನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಹತ್ತಿ ಕಾಗದದ ವಾಸನೆ ಕೊಡುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಕಡ್ಡಿಯಿಂದ ಇಳಿದ ಮೇಲೆ

ಚಳ್ಳಕೆರೆಯ ಕಡೆ ಕಂಬಳಿ ನೇಯುವ ಕುರುಬರು ಉಣ್ಣೆ ಎಳೆಗೆ ಹುಣಸೆ ಬೀಜದ ಸರಿ, ಅಂದರೆ ಅಂಟು ಗಂಜಿ, ಹಚ್ಚುತ್ತಾರೆ. ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು, ಕೈಯಲ್ಲಿ ನೂತ ಎಳೆಯಿಂದ ನವಿರುಗಳು ಹೊರಗೆ ಚಾಚಿರುತ್ತವೆ. ಸರಿ ಹಚ್ಚಿದರೆ ಅವು ಎಳೆಗೆ ಅಂಟಿಕೊಂಡು ಮಗ್ಗದ ತಿಕ್ಕಾಟ ತಡೆಯುತ್ತವೆ. ಬೀಜ ಹುರಿದು, ನೆನೆಸಿ, ಅರೆದು, ಬೇಯಿಸಿ, ಹಾಸಿನ ಉದ್ದಕ್ಕೂ ಹಚ್ಚಿ ಒಣಗಿಸುವುದು ದೊಡ್ಡ ಕೆಲಸ. ಆದರೂ ಅದನ್ನು ಯಾರೂ ಮೇಲುಕೆಲಸ ಅಂದುಕೊಳ್ಳುವುದಿಲ್ಲ, ಅದು ಕಂಬಳಿ ಕೆಲಸದ ಭಾಗ. ಹೆಣಿಗೆಯಲ್ಲಿ ತೊಳೆಯುವುದು, ಹರವುವುದು, ಹೊಲಿಯುವುದು, ತುದಿ ಸೇರಿಸುವುದಕ್ಕೂ ಅಷ್ಟೇ ಸಮಯ ಮೊದಲೇ ತೆಗೆದಿಡಿ. ನನ್ನ ಸಲಹೆ, ಇದನ್ನು ಹಗಲಿನಲ್ಲಿ ಮಾಡಿ. ರಾತ್ರಿ ಟಿವಿ ಮುಂದೆ ಹೆಣೆಯಬಹುದು, ಹೊಲಿಯಲು ಆಗುವುದಿಲ್ಲ.

ಮೊದಲನೆಯದು ಕುಣಿಕೆ ಮುಚ್ಚುವುದು, ಅಂದರೆ ಕೊನೆಯ ಸಾಲನ್ನು ಬಿಚ್ಚಿಕೊಳ್ಳದಂತೆ ಕಡ್ಡಿಯಿಂದ ಇಳಿಸುವುದು. ಇಲ್ಲಿ ಕೈ ಬಿಗಿ ಆಗುತ್ತದೆ. ಕುತ್ತಿಗೆಯಲ್ಲಿ ತಲೆ ತೂರದ ಸ್ವೆಟರ್‌ಗಳಿಗೆಲ್ಲ ಕಾರಣ ಇದೇ. ಮುಚ್ಚುವ ಸಾಲಿಗೆ ಒಂದೆರಡು ಅಳತೆ ದಪ್ಪ ಕಡ್ಡಿ ತೆಗೆದುಕೊಳ್ಳಿ, ರಿಬ್ ಇದ್ದರೆ ರಿಬ್‌ನಂತೆಯೇ ಹೆಣೆಯುತ್ತಾ ಮುಚ್ಚಿ.

ಆಮೇಲೆ ತೊಳೆದು ಹರವುವುದು, ಅಂದರೆ ಬ್ಲಾಕಿಂಗ್. ಜೋಡಿಸುವ ಮುಂಚೆಯೇ ಇದು ಆಗಬೇಕು, ಬಿಡಿ ಭಾಗಗಳು ಇದ್ದಾಗ ಅಳತೆಗೆ ತರುವುದು ಸುಲಭ. ಇಲ್ಲಿ ದಾರದ ಜಾತಿ ನೋಡಿ ಕೆಲಸ ಮಾಡಬೇಕು. ಉಣ್ಣೆಯಲ್ಲಿರುವುದು ಕೆರಾಟಿನ್ ಎಂಬ ಪ್ರೋಟೀನು, ಕೂದಲಿನಲ್ಲಿ ಇರುವಂಥದ್ದೇ. ನೀರು ತಾಗಿದಾಗ ಅದರೊಳಗಿನ ಹೈಡ್ರೋಜನ್ ಬಂಧಗಳು ಸಡಿಲ ಆಗುತ್ತವೆ, ಒಣಗಿದಾಗ ಮತ್ತೆ ಕೂಡುತ್ತವೆ. ಯಾವ ಆಕಾರದಲ್ಲಿ ಒಣಗಿತೋ ಆ ಆಕಾರ ನಿಲ್ಲುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಹಿಂಡದೆ ಎತ್ತಿ, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ಚಾಪೆಯ ಮೇಲೆ ಅಳತೆಗೆ ಸರಿಯಾಗಿ ಹರಡಿ, ತುಕ್ಕು ಹಿಡಿಯದ ಗುಂಡುಪಿನ್ನು ಚುಚ್ಚಿ ನೆರಳಿನಲ್ಲಿ ಒಣಗಿಸಿ. ಬಿಸಿ ನೀರಿನಲ್ಲಿ ಉಜ್ಜಿದರೆ ಉಣ್ಣೆಯ ಮೇಲಿನ ಸಣ್ಣ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಪ್ಪ ಆಗುತ್ತದೆ. ಅದನ್ನು ವಾಪಸ್ ತರಲು ಆಗುವುದಿಲ್ಲ.

ಅಕ್ರಿಲಿಕ್ ನೀರಿಗೆ ಬಗ್ಗುವುದಿಲ್ಲ, ಬಿಸಿಗೆ ಬಗ್ಗುತ್ತದೆ. ಆವಿ ಬರುವ ಇಸ್ತ್ರಿಪೆಟ್ಟಿಗೆಯನ್ನು ಎರಡು ಬೆರಳು ಎತ್ತರದಲ್ಲಿ ಹಿಡಿದು ಆವಿ ಮಾತ್ರ ತಾಗಿಸಿ. ಇಸ್ತ್ರಿ ಬಟ್ಟೆಗೆ ತಾಗಿದರೆ ಎಳೆ ಕರಗಿ ಚಪ್ಪಟೆ ಆಗುತ್ತದೆ, ಪುಟಿತ ಶಾಶ್ವತವಾಗಿ ಹೋಗುತ್ತದೆ. ಹತ್ತಿಯನ್ನು ತೊಳೆದು ಕೈಯಿಂದ ಆಕಾರಕ್ಕೆ ತಂದು ಒಣಗಿಸಿದರೆ ಸಾಕು. ಚಿತ್ರದುರ್ಗದ ಗಾಳಿಗೆ ಇದೆಲ್ಲ ಬೇಗ ಒಣಗುತ್ತದೆ, ಆದರೆ ಧೂಳೂ ಕೂರುತ್ತದೆ. ಮೇಲೆ ಒಂದು ತೆಳು ಪಂಚೆ ಹೊದಿಸಿ.

ಜೋಡಿಸಲು ನಾನು ಎಲ್ಲರಿಗೂ ಮೊದಲು ಹೇಳುವುದು ಮ್ಯಾಟ್ರೆಸ್ ಸ್ಟಿಚ್. ಎರಡು ಭಾಗಗಳನ್ನು ಸೀದಾ ಕಡೆ ಮೇಲೆ ಬರುವಂತೆ ಪಕ್ಕಪಕ್ಕ ಇಡಿ. ಅಂಚಿನ ಕುಣಿಕೆ ಮತ್ತು ಅದರ ಪಕ್ಕದ ಕುಣಿಕೆಯನ್ನು ಸ್ವಲ್ಪ ಅಗಲಿಸಿ ನೋಡಿ. ನಡುವೆ ಸಣ್ಣ ಸಣ್ಣ ಅಡ್ಡ ಎಳೆಗಳು ಒಂದರ ಮೇಲೊಂದು ಕಾಣುತ್ತವೆ, ಸಾಲಿಗೊಂದು. ಮೊಂಡು ತುದಿಯ ಸೂಜಿಯಿಂದ ಈ ಕಡೆಯ ಒಂದು ಅಡ್ಡ ಎಳೆ ಎತ್ತಿ, ಆಮೇಲೆ ಆ ಕಡೆಯ ಒಂದು ಎತ್ತಿ. ನಾಲ್ಕೈದು ಸೆಂ.ಮೀ. ಹೀಗೆ ಸಡಿಲವಾಗಿ ಹೋದ ಮೇಲೆ ದಾರವನ್ನು ಮೆಲ್ಲಗೆ ಎಳೆಯಿರಿ. ಎರಡು ಅಂಚೂ ಒಳಕ್ಕೆ ಮಡಿದು ಹೊಲಿಗೆಯೇ ಕಾಣದಂತೆ ಕೂಡಿಕೊಳ್ಳುತ್ತವೆ. ಮೊದಲ ಸಲ ಇದನ್ನು ನೋಡುವಾಗ ಆಗುವ ಖುಷಿಯೇ ಬೇರೆ. ಸಾಲಿಗೆ ಸಾಲು ಎತ್ತುವುದರಿಂದ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ ಆಗುವ ಮಾತೇ ಇಲ್ಲ. ಮೇಲೆ ಹೇಳಿದ 86 ಕುಣಿಕೆಯ ಕುಲಾವಿಯನ್ನು ಹೀಗೆ ಹೊಲಿದರೆ ಅಂಚಿನ ಎರಡು ಕುಣಿಕೆ ಒಳಗೆ ಹೋಗಿ ರಿಬ್ ಸುತ್ತಲೂ ಮುರಿಯದೆ ಸಾಗುತ್ತದೆ.

ಹೆಗಲಿಗೆ ಬೇರೆ ವಿಧಾನ. ಎರಡೂ ಭಾಗದ ಕುಣಿಕೆಗಳನ್ನು ಮುಚ್ಚದೆ ಕಡ್ಡಿಯಲ್ಲೇ ಬಿಟ್ಟಿರಿ. ಸೀದಾ ಕಡೆಗಳು ಒಳಗೆ ಬರುವಂತೆ ಜೋಡಿಸಿ ಹಿಡಿದು, ಮೂರನೇ ಕಡ್ಡಿಯಿಂದ ಆಚೆಯ ಒಂದು, ಈಚೆಯ ಒಂದು ಸೇರಿಸಿ ಹೆಣೆಯುತ್ತಾ ಅಲ್ಲೇ ಮುಚ್ಚುತ್ತಾ ಹೋಗಿ. ಹೆಗಲು ಸ್ವೆಟರಿನ ಪೂರ್ತಿ ಭಾರ ಹೊರುತ್ತದೆ, ಅಲ್ಲಿ ಗಟ್ಟಿ ಹೊಲಿಗೆ ಬೇಕು.

ಕಾಲುಚೀಲದ ಬೆರಳಿನ ತುದಿಗೆ ಮಾತ್ರ ಗಟ್ಟಿ ಹೊಲಿಗೆ ಬೇಡ, ಚುಚ್ಚುತ್ತದೆ. ಅಲ್ಲಿ ಸೂಜಿಯಿಂದಲೇ ಹೊಸ ಸಾಲೊಂದನ್ನು ಹೆಣೆದಂತೆ ಸೇರಿಸಬೇಕು. ಮೊದಲ ಮಹಾಯುದ್ಧ ಕಾಲದ ಬ್ರಿಟಿಷ್ ಸೇನಾ ನಾಯಕ ಲಾರ್ಡ್ ಕಿಚನರ್ ಹೆಸರು ಈ ಹೊಲಿಗೆಗೆ ಅಂಟಿಕೊಂಡಿದೆ. ಎರಡು ಕಡ್ಡಿ ಒಂದರ ಹಿಂದೆ ಒಂದು ಹಿಡಿದುಕೊಳ್ಳಿ, ಉಲ್ಟಾ ಕಡೆಗಳು ಒಳಗಿರಲಿ. ಶುರುವಿನಲ್ಲಿ ಮುಂದಿನ ಕಡ್ಡಿಯ ಮೊದಲ ಕುಣಿಕೆಗೆ ಉಲ್ಟಾ ಹಾಕುವಂತೆ, ಹಿಂದಿನದಕ್ಕೆ ಸೀದಾ ಹಾಕುವಂತೆ ಸೂಜಿ ದಾಟಿಸಿ, ಎರಡನ್ನೂ ಕಡ್ಡಿಯಲ್ಲೇ ಬಿಡಿ. ಆಮೇಲೆ ಒಂದೇ ಮಂತ್ರ. ಮುಂದಿನ ಕಡ್ಡಿ: ಸೀದಾ ತೆಗೆ, ಉಲ್ಟಾ ಬಿಡು. ಹಿಂದಿನ ಕಡ್ಡಿ: ಉಲ್ಟಾ ತೆಗೆ, ಸೀದಾ ಬಿಡು. "ತೆಗೆ" ಅಂದರೆ ಕುಣಿಕೆ ಕಡ್ಡಿಯಿಂದ ಇಳಿಯುತ್ತದೆ, "ಬಿಡು" ಅಂದರೆ ಮುಂದಿನ ಕುಣಿಕೆಗೆ ದಾಟಿಸಿ ಅಲ್ಲೇ ಬಿಡುವುದು. ಪ್ರತಿ ಕುಣಿಕೆಯೊಳಗೂ ಎರಡು ಸಲ ಯಾಕೆ ಹೋಗಬೇಕು? ಹೆಣೆದ ಬಟ್ಟೆಯಲ್ಲಿ ಎಳೆ ಪ್ರತಿ ಕುಣಿಕೆಯೊಳಗೆ ಒಮ್ಮೆ ಬಂದು ಒಮ್ಮೆ ವಾಪಸ್ ಹೋಗುತ್ತದೆ. ಸೂಜಿ ಅದೇ ದಾರಿ ಹಿಡಿಯುತ್ತಿದೆ. ಇದು ಗೊತ್ತಿದ್ದರೆ ಮಂತ್ರ ಮರೆತರೂ ಕೆಲಸ ನಿಲ್ಲುವುದಿಲ್ಲ.

ಕುತ್ತಿಗೆ ಪಟ್ಟಿಗೆ ಕುಣಿಕೆ ಎತ್ತುವಾಗ ಮುಚ್ಚಿದ ಅಂಚಿನಲ್ಲಿ ಕುಣಿಕೆಗೊಂದು ಎತ್ತಿ. ಪಕ್ಕದ ನೇರ ಅಂಚಿನಲ್ಲಿ ನಾಲ್ಕು ಸಾಲಿಗೆ ಮೂರು ಎತ್ತಿ, ನಾಲ್ಕನೆಯದನ್ನು ಬಿಡಿ. ಕುಣಿಕೆಯ ಅಗಲ ಜಾಸ್ತಿ, ಎತ್ತರ ಕಡಿಮೆ. 10 ಸೆಂ.ಮೀ.ನಲ್ಲಿ ಅಡ್ಡಕ್ಕೆ 20 ಕುಣಿಕೆ ಇದ್ದರೆ ಉದ್ದಕ್ಕೆ 28 ಸಾಲಿನ ಆಸುಪಾಸು ಇರುತ್ತದೆ. ಸಾಲಿಗೊಂದು ಎತ್ತಿದರೆ ಪಟ್ಟಿ ನೆರಿಗೆ ಬಿದ್ದು ಅಲೆ ಅಲೆಯಾಗುತ್ತದೆ.

ತೋಳು ಎರಡನೆಯದು ಮುಗಿಯದೆ ನಿಲ್ಲುವುದು ಎಲ್ಲರ ಗೋಳು. ಎರಡು ಉಂಡೆ ಇಟ್ಟುಕೊಂಡು ಒಂದೇ ಕಡ್ಡಿಯಲ್ಲಿ ಎರಡೂ ತೋಳನ್ನು ಒಟ್ಟಿಗೆ ಹೆಣೆಯಿರಿ. ಮುಗಿದರೆ ಎರಡೂ ಮುಗಿಯುತ್ತವೆ, ಅಳತೆಯೂ ಸಮ.

ದಾರದ ತುದಿಗಳು

ತುದಿ ಸೇರಿಸುವುದನ್ನು ಬೇಸರದ ಕೆಲಸ ಅಂತ ಗಂಟು ಹಾಕಿ ಕತ್ತರಿಸುವವರಿದ್ದಾರೆ. ಗಂಟು ಒಂದಲ್ಲ ಒಂದು ದಿನ ಸೀದಾ ಕಡೆಗೆ ಇಣುಕುತ್ತದೆ ಅಥವಾ ಬಿಚ್ಚಿಕೊಳ್ಳುತ್ತದೆ. ಉಂಡೆ ಬದಲಿಸುವಾಗ 15 ಸೆಂ.ಮೀ. ತುದಿ ಬಿಡಿ, ಆದಷ್ಟೂ ಸಾಲಿನ ಅಂಚಿನಲ್ಲೇ ಬದಲಿಸಿ. ಉಲ್ಟಾ ಕಡೆಯಲ್ಲಿ ಕುಣಿಕೆಯ ದಾರಿಯಲ್ಲೇ ಸೂಜಿ ನಡೆಸಿ ನಾಲ್ಕೈದು ಸೆಂ.ಮೀ. ಹೋಗಿ, ಅಲ್ಲಿಂದ ತಿರುಗಿ ಎದುರು ದಿಕ್ಕಿಗೆ ಸ್ವಲ್ಪ ಬನ್ನಿ. ಬಟ್ಟೆಯನ್ನು ಒಮ್ಮೆ ಜಗ್ಗಿ ನೋಡಿ ಆಮೇಲೆ ಕತ್ತರಿಸಿ. ಅಕ್ರಿಲಿಕ್ ಜಾರುತ್ತದೆ, ಅದಕ್ಕೆ ಇನ್ನಷ್ಟು ಉದ್ದ ಬೇಕು.

ಕೂಸಿನ ಬಟ್ಟೆಯಲ್ಲಿ ಇದು ಚೆಂದದ ಮಾತಲ್ಲ, ಸುರಕ್ಷತೆಯ ಮಾತು. ಕಾಲುಚೀಲ, ಕೈಗವಸಿನ ಒಳಗೆ ಸಡಿಲ ಎಳೆ ಇದ್ದರೆ ಅದು ಕೂಸಿನ ಬೆರಳಿಗೆ ಸುತ್ತಿಕೊಂಡು ರಕ್ತ ಓಡಾಟ ನಿಲ್ಲಿಸಬಹುದು. ಮಕ್ಕಳ ವೈದ್ಯರು ನೋಡುವ ನಿಜವಾದ ತೊಂದರೆ ಇದು. ಕೂಸು ಅಳುತ್ತದೆ, ಕಾರಣ ಹೊರಗೆ ಕಾಣುವುದಿಲ್ಲ. ದಯವಿಟ್ಟು ಹಾಕುವ ಮುಂಚೆ ಪ್ರತಿ ಸಲ ಒಳಗನ್ನು ಹೊರಗೆ ಮಾಡಿ ಬೆರಳಾಡಿಸಿ ನೋಡಿ. ಬೆರಳಿನ ಜಾಗದಲ್ಲಿ ಬಣ್ಣ ಬದಲಿಸುವ ವಿನ್ಯಾಸ, ಒಳಗೆ ಉದ್ದುದ್ದ ಎಳೆ ಹಾಯುವ ವಿನ್ಯಾಸ ಬೇಡವೇ ಬೇಡ. ಬಟನ್ನನ್ನು ಗಟ್ಟಿ ಹೊಲಿಗೆ ನೂಲಿನಿಂದ ಹೊಲಿಯಿರಿ, ಹಿಂದೆ ಒಂದು ಚಿಕ್ಕ ಚಪ್ಪಟೆ ಬಟನ್ ಆಸರೆ ಕೊಟ್ಟರೆ ಹೆಣಿಗೆ ಹರಿಯುವುದಿಲ್ಲ. ಕುಲಾವಿಗೆ ಉದ್ದ ದಾರ, ಕಿತ್ತು ಬರುವ ಮಣಿ, ಗೊಂಡೆ ಇಡಬೇಡಿ. ಮನೆಯೊಳಗೆ ಮಲಗಿದ ಕೂಸಿನ ತಲೆಗೆ, ಅದರಲ್ಲೂ ಬೇಸಿಗೆಯಲ್ಲಿ, ಕುಲಾವಿ ಬೇಡ. ಕೂಸು ಮೈಯ ಶಾಖವನ್ನು ತಲೆಯಿಂದಲೂ ಹೊರಹಾಕುತ್ತದೆ.

ಮುಗಿದ ಸ್ವೆಟರನ್ನು ಹ್ಯಾಂಗರಿಗೆ ತೂಗುಹಾಕಬೇಡಿ, ಹೆಗಲು ಜೋಲುತ್ತದೆ. ಮಡಚಿ ಇಡಿ. ನಿಜವಾದ ಉಣ್ಣೆಯಾದರೆ ತೊಳೆದು ಪೂರ್ತಿ ಒಣಗಿಸಿಯೇ ಇಡಬೇಕು, ಬೆವರು ಎಣ್ಣೆ ಉಳಿದ ಜಾಗಕ್ಕೆ ಹುಳ ಬೇಗ ಬೀಳುತ್ತದೆ. ಬೇರೆಯವರಿಗೆ ಕೊಡುವುದಾದರೆ ಜೊತೆಗೆ ಒಂದು ಚೀಟಿ ಇಡಿ: ದಾರ ಯಾವುದು, ಬಿಸಿ ನೀರು ಆಗುತ್ತದೋ ಇಲ್ಲವೋ, ಇಸ್ತ್ರಿ ಮಾಡಬಹುದೋ ಬೇಡವೋ. ಅದರ ಜೊತೆ ಒಂದು ಬಟನ್ನು ಮತ್ತು ಅದೇ ದಾರದ ಒಂದು ಚಿಕ್ಕ ಉಂಡೆ ಕೊಟ್ಟರೆ ಮುಂದೆ ಎಲ್ಲಾದರೂ ಹರಿದಾಗ ರಿಪೇರಿ ಮಾಡಿಕೊಳ್ಳುತ್ತಾರೆ.